ಏಳು ದಿನವೋ, ಮೂವತ್ತು ದಿನವೋ: ಬಡತನದ ಲೆಕ್ಕ ಬೆಳೆದ ಬಗೆ

2004-05ರಲ್ಲಿ ಭಾರತದ ಜನಸಂಖ್ಯೆಯಲ್ಲಿ ಬಡವರ ಪಾಲು ಶೇ 27.5 ಎಂದು ಯೋಜನಾ ಆಯೋಗ ಹೇಳಿತ್ತು. ಅದೇ ಆಯೋಗ ನೇಮಿಸಿದ ಸುರೇಶ್ ತೆಂಡೂಲ್ಕರ್ ಸಮಿತಿ 2009ರಲ್ಲಿ ವರದಿ ಕೊಟ್ಟು, ಅದೇ ವರ್ಷದ ಲೆಕ್ಕ ಶೇ 37.2 ಎಂದಿತು. 2011-12ಕ್ಕೆ ತೆಂಡೂಲ್ಕರ್ ವಿಧಾನದಲ್ಲಿ ಸಿಕ್ಕ ಉತ್ತರ ಶೇ 21.9, ಸಿ. ರಂಗರಾಜನ್ ಸಮಿತಿಯ ಉತ್ತರ ಶೇ 29.5. ಇವನ್ನೆಲ್ಲ ಒಟ್ಟಿಗೆ ಓದಿದವರಿಗೆ ಅರ್ಥಶಾಸ್ತ್ರಜ್ಞರು ಗೆರೆಯನ್ನು ತಮಗೆ ಬೇಕಾದಲ್ಲಿ ಎಳೆಯುತ್ತಾರೆ, ಬಡವರು ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತಾರೆ ಎನಿಸಿದರೆ ಅಚ್ಚರಿಯಿಲ್ಲ. ಆದರೆ ಈ ಅಧ್ಯಯನ ಕ್ಷೇತ್ರ ಬೆಳೆದು ಬಂದ ದಾರಿಯನ್ನು ನೋಡಿದರೆ ಕಾಣುವುದು ಬೇರೆ. ಗೆರೆಯ ಜಗಳ ಕಣ್ಣಿಗೆ ಬೀಳುವ ಜಗಳ ಅಷ್ಟೆ. ಉತ್ತರವನ್ನು ಹೆಚ್ಚು ಬದಲಿಸಿದ್ದು ಮನೆಬಾಗಿಲಲ್ಲಿ ಕೇಳಿದ ಪ್ರಶ್ನೆ; ಮತ್ತು ಈ ವಿದ್ಯೆ ಮುಂದೆ ಸಾಗಿದ್ದು, ಸರ್ಕಾರ ಕೊಟ್ಟ ಅಂಕಿಗಳನ್ನೇ ಹಿಡಿದು ಹೊರಗಿನವರೊಬ್ಬರು ಮತ್ತೆ ಕೂಡಿ ಕಳೆಯಲು ಸಾಧ್ಯವಾದಾಗ.

ಈ ಪರಿಪಾಠ ಶುರುವಾದದ್ದೇ ಹಾಗೆ. ದಾದಾಭಾಯಿ ನವರೋಜಿ 1876ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಬ್ರಿಟಿಷ್ ಆಡಳಿತದ ವರದಿಗಳಿಂದಲೇ ಅಂಕಿಗಳನ್ನು ಹೆಕ್ಕಿ, 1867-68ರಲ್ಲಿ ಒಬ್ಬ ಭಾರತೀಯನ ವರ್ಷದ ಸರಾಸರಿ ಆದಾಯ ಸುಮಾರು 20 ರೂಪಾಯಿ ಎಂದು ಲೆಕ್ಕ ಹಾಕಿದರು. ಬದುಕಲು ಎಷ್ಟು ಬೇಕು ಎಂಬುದಕ್ಕೆ ಅವರು ಹಿಡಿದ ಅಳತೆಯೂ ಸರ್ಕಾರದ್ದೇ: ಹೊರದೇಶಕ್ಕೆ ಹೋಗುವ ಕೂಲಿಗಳಿಗೆ ಹಡಗಿನಲ್ಲಿ ಕೊಡಬೇಕೆಂದು ಗೊತ್ತುಮಾಡಿದ್ದ ಅಕ್ಕಿ ಅಥವಾ ಹಿಟ್ಟು, ಬೇಳೆ, ಮಾಂಸ, ತರಕಾರಿ, ತುಪ್ಪ, ಎಣ್ಣೆ, ಉಪ್ಪಿನ ಪಟ್ಟಿ. ಅದರ ವೆಚ್ಚ ಪ್ರಾಂತ್ಯಕ್ಕೆ ತಕ್ಕಂತೆ ವರ್ಷಕ್ಕೆ 16ರಿಂದ 35 ರೂಪಾಯಿ. ಕೈದಿಗೆ ಜೈಲಿನಲ್ಲಿ ಸಿಗುವಷ್ಟು ಅನ್ನ ಹೊರಗಿನ ರೈತನಿಗೆ ಸಿಗುತ್ತಿಲ್ಲ ಎಂಬ ಅವರ ವಾದಕ್ಕೆ ಆಡಳಿತ ಸುಲಭವಾಗಿ ಉತ್ತರಿಸಲಾಗದೇ ಹೋದದ್ದು ಅವರ ಮಾತಿನ ಬಿಸಿಯಿಂದಲ್ಲ. ಅಂಕಿಗಳೆಲ್ಲ ಆಡಳಿತದವೇ ಆಗಿದ್ದವು. ಸ್ವಾತಂತ್ರ್ಯದ ನಂತರ, 1962ರಲ್ಲಿ, ಯೋಜನಾ ಆಯೋಗದ ಕಾರ್ಯತಂಡ 1960-61ರ ಬೆಲೆಯಲ್ಲಿ ತಿಂಗಳಿಗೆ ತಲಾ 20 ರೂಪಾಯಿಯ ಗೆರೆ ಎಳೆಯಿತು. ಶಿಕ್ಷಣ, ಆರೋಗ್ಯದ ಖರ್ಚು ಅದರಲ್ಲಿ ಇರಲಿಲ್ಲ, ಅವೆರಡನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ ಎಂಬ ಭರವಸೆಯಿಂದ. ಭರವಸೆ ಕರಗಿ, ಜನ ಖಾಸಗಿ ಶಾಲೆಗೂ ಖಾಸಗಿ ಆಸ್ಪತ್ರೆಗೂ ದುಡ್ಡು ಸುರಿಯಲು ಶುರುಮಾಡಿ ಎಷ್ಟೋ ವರ್ಷ ಕಳೆದರೂ ಆ ಊಹೆ ಮಾತ್ರ ಗೆರೆಯೊಳಗೆ ಸುಮ್ಮನೆ ಉಳಿದುಕೊಂಡಿತು.

ಗೆರೆ ಎಳೆದರೆ ಸಾಲದು, ಅದರ ಕೆಳಗೆ ಎಷ್ಟು ಜನ ಇದ್ದಾರೆಂದು ತಿಳಿಯಲು ಮನೆಮನೆಯ ಖರ್ಚು ಗೊತ್ತಿರಬೇಕು. 1950ರಲ್ಲಿ ಪಿ.ಸಿ. ಮಹಾಲನೋಬಿಸ್ ಮುಂದಾಳತ್ವದಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಆ ಕೆಲಸ ಕೈಗೆತ್ತಿಕೊಂಡಿತು. ಅಷ್ಟು ಬಡ ದೇಶವೊಂದು ಅಷ್ಟು ದೊಡ್ಡ ಸಮೀಕ್ಷೆಯನ್ನು ಆಗ ನಡೆಸಿದ್ದು ಜಗತ್ತಿನಲ್ಲೇ ಅಪರೂಪ. ಆಗಲೇ ಎದುರಾದ ಸಮಸ್ಯೆ ಕೇಳಲು ಚಿಕ್ಕದು: 'ನಿಮ್ಮ ಮನೆಯಲ್ಲಿ ಎಷ್ಟು ಅಕ್ಕಿ ಖರ್ಚಾಯಿತು' ಎಂದು ಕೇಳುವಾಗ ಕಳೆದ ವಾರದ್ದು ಕೇಳಬೇಕೋ, ಕಳೆದ ತಿಂಗಳದ್ದೋ? ಮಹಾಲನೋಬಿಸ್ ಮತ್ತು ಎಸ್.ಬಿ. ಸೇನ್ ಇದನ್ನು ಊಹೆಗೆ ಬಿಡಲಿಲ್ಲ. ಪಶ್ಚಿಮ ಬಂಗಾಳದಲ್ಲಿ ಅಕ್ಕಿ, ಬೇಳೆ, ಸಕ್ಕರೆ, ಉಪ್ಪಿನ ಬಳಕೆಯನ್ನು ವಾರದ ನೆನಪಿನಿಂದ, ತಿಂಗಳ ನೆನಪಿನಿಂದ, ಜೊತೆಗೆ ನೇರವಾಗಿ ತೂಗಿಯೂ ನೋಡಿಸಿದರು. ವಾರದ ಲೆಕ್ಕದಲ್ಲಿ ಬಳಕೆ ಜಾಸ್ತಿ ಬಂತು. ತಿಂಗಳ ಲೆಕ್ಕ ತಕ್ಕಡಿಗೆ ಹತ್ತಿರವಿತ್ತು. ಹಾಗಾಗಿ ಮೂವತ್ತು ದಿನವೇ ನಿಯಮವಾಯಿತು. ನಾಲ್ಕು ದಶಕ ಯಾರೂ ಅದನ್ನು ಹೆಚ್ಚು ಕೆಣಕಲಿಲ್ಲ.

1971ರಲ್ಲಿ ಪುಣೆಯ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 'ಪಾವರ್ಟಿ ಇನ್ ಇಂಡಿಯಾ' ಪ್ರಕಟಿಸಿದಾಗ ಗೆರೆಗೆ ಮೊದಲ ಬಾರಿ ಒಂದು ಗಟ್ಟಿ ಆಧಾರ ಸಿಕ್ಕಿತು. ದಿನಕ್ಕೆ ತಲಾ 2250 ಕ್ಯಾಲೊರಿ ದಕ್ಕಿಸಿಕೊಳ್ಳುವವರು ಎಷ್ಟು ಖರ್ಚು ಮಾಡುತ್ತಾರೆ ಎಂದು ಸಮೀಕ್ಷೆಯಲ್ಲಿ ಹುಡುಕಿದ ಅವರು, 1960-61ರಲ್ಲಿ ಹಳ್ಳಿಗಳ ಶೇ 40 ಮಂದಿ, ಪಟ್ಟಣಗಳ ಶೇ 50 ಮಂದಿ ಅಷ್ಟನ್ನೂ ಮುಟ್ಟುತ್ತಿರಲಿಲ್ಲ ಎಂದರು. ಅದೇ ಹೊತ್ತಿನಲ್ಲಿ ಬಿ.ಎಸ್. ಮಿನ್ಹಾಸ್ 1960ರ ದಶಕದಲ್ಲಿ ಹಳ್ಳಿಯ ಬಡತನ ಇಳಿದಿದೆ ಎಂದರೆ, ಪ್ರಣವ್ ಬರ್ಧನ್ ಏರಿದೆ ಎಂದರು. ಇಬ್ಬರೂ ನೋಡಿದ್ದು ಅದೇ ಸಮೀಕ್ಷೆಗಳನ್ನು. ವ್ಯತ್ಯಾಸ ಹುಟ್ಟಿದ್ದು ಬಹುಮಟ್ಟಿಗೆ ಬೆಲೆ ಏರಿಕೆಯನ್ನು ತೆಗೆದುಹಾಕಲು ಅವರು ಬಳಸಿದ ಸೂಚ್ಯಂಕದಿಂದ: ಮಿನ್ಹಾಸ್ ಹಿಡಿದದ್ದು ಇಡೀ ರಾಷ್ಟ್ರೀಯ ಆದಾಯದ ಬೆಲೆ ಮಟ್ಟವನ್ನು, ಬರ್ಧನ್ ಕೃಷಿ ಕೂಲಿಗಳು ಕೊಳ್ಳುವ ಸರಕುಗಳ ಬೆಲೆಯನ್ನು. ಧಾನ್ಯ ತುಟ್ಟಿಯಾದ ದಶಕದಲ್ಲಿ ಯಾವುದು ಬಡವರಿಗೆ ಹೊಂದುತ್ತದೆ ಎಂದು ಹೇಳುವುದು ಕಷ್ಟವಲ್ಲ, ಬರ್ಧನ್ ಆಯ್ಕೆಯೇ ಸರಿ ಎಂದು ನನ್ನ ಎಣಿಕೆ. ಕ್ಯಾಲೊರಿಯ ಆಧಾರಕ್ಕೂ ಬೇಗನೆ ಪೆಟ್ಟು ಬಿತ್ತು. ಒಬ್ಬನೇ ಮನುಷ್ಯನ ಅಗತ್ಯ ದಿನದಿಂದ ದಿನಕ್ಕೆ ಬದಲಾಗುತ್ತದೆ, ಸರಾಸರಿಗಿಂತ ಕಡಿಮೆ ತಿಂದವರೆಲ್ಲ ಅರೆಹೊಟ್ಟೆಯವರಲ್ಲ ಎಂದು ಪಿ.ವಿ. ಸುಖಾತ್ಮೆ ವಾದಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಕೂಡ ಆಹಾರ, ಪೋಷಣೆ, ಬಡತನಗಳ ಸಂಬಂಧವನ್ನೇ ಕುರಿತು 1982ರಲ್ಲಿ ಪುಸ್ತಕ ತಂದರು. ಈ ವಾದಗಳ ನಡುವೆಯೇ ಯೋಜನಾ ಆಯೋಗದ 1979ರ ಕಾರ್ಯಪಡೆ ಹಳ್ಳಿಗೆ 2400, ಪಟ್ಟಣಕ್ಕೆ 2100 ಕ್ಯಾಲೊರಿ ಎಂದು ನಿಗದಿ ಮಾಡಿತು. 1993ರ ಲಕ್ಡಾವಾಲಾ ಸಮಿತಿ ಅದನ್ನು ಹಾಗೆಯೇ ಇಟ್ಟುಕೊಂಡು, ರಾಜ್ಯ ರಾಜ್ಯಕ್ಕೆ ಬೇರೆ ಬೆಲೆಯ ಗೆರೆ ಕೊಟ್ಟಿತು. ಎಲ್ಲ ಬಡವರನ್ನೂ ಒಂದೇ ಎಂದು ಎಣಿಸಬಾರದು, ಗೆರೆಯಿಂದ ಎಷ್ಟು ಕೆಳಗಿದ್ದಾರೆ ಎಂಬುದೂ ಲೆಕ್ಕಕ್ಕೆ ಬರಬೇಕು ಎಂದು ಅಮರ್ತ್ಯ ಸೇನ್ 1976ರಲ್ಲಿ ತೋರಿಸಿದ್ದು ಜಗತ್ತಿನ ಪಠ್ಯಪುಸ್ತಕಗಳಿಗೆ ಹೋಯಿತು. ನಮ್ಮ ಬಜೆಟ್ ಭಾಷಣಗಳಿಗೆ ಬರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1990ರ ದಶಕದಲ್ಲಿ. ಆರ್ಥಿಕ ಉದಾರೀಕರಣ ಬಡವರಿಗೆ ಒಳಿತು ಮಾಡಿತೋ ಕೇಡು ಮಾಡಿತೋ ಎಂಬ ಪ್ರಶ್ನೆ ಬಿಸಿಯಾಗಿತ್ತು. ಜೊತೆಗೆ, ಸಮೀಕ್ಷೆ ತೋರಿಸುವ ಬಳಕೆಗೂ ರಾಷ್ಟ್ರೀಯ ಲೆಕ್ಕಪತ್ರ ತೋರಿಸುವ ಬಳಕೆಗೂ ಅಂತರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿತ್ತು. ತಪ್ಪು ಪ್ರಶ್ನಾವಳಿಯಲ್ಲಿದೆಯೇ ಎಂದು ನೋಡಲು 1994ರಿಂದ 1998ರ ನಡುವೆ ಸಮೀಕ್ಷೆಯ ಅರ್ಧ ಮನೆಗಳಿಗೆ ಹಳೆಯ ಮೂವತ್ತು ದಿನದ ಪ್ರಶ್ನೆಯನ್ನೂ ಉಳಿದರ್ಧಕ್ಕೆ ಹೊಸದನ್ನೂ ಕೇಳಲಾಯಿತು. ಹೊಸದರಲ್ಲಿ ಆಹಾರಕ್ಕೆ ಏಳು ದಿನದ ನೆನಪು, ಬಟ್ಟೆಬರೆಯಂಥ ಅಪರೂಪದ ಖರ್ಚಿಗೆ 365 ದಿನದ್ದು. ಪ್ರಶ್ನೆ ಬದಲಾದ ಒಂದೇ ಕಾರಣಕ್ಕೆ ಬಡವರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮುಂದೆ 1999-2000ದ ದೊಡ್ಡ ಸಮೀಕ್ಷೆಯಲ್ಲಿ ಒಂದು ರಾಜಿ ಸೂತ್ರ ಬಂತು: ಒಂದೇ ಮನೆಗೆ ಎರಡೂ ಪ್ರಶ್ನೆ, ಒಂದೇ ಹಾಳೆಯ ಮೇಲೆ ಅಕ್ಕಪಕ್ಕದ ಕಾಲಂಗಳಲ್ಲಿ. ಏಳು ದಿನಕ್ಕೆ ಇಷ್ಟು ಎಂದ ಗೃಹಿಣಿ ಮೂವತ್ತು ದಿನಕ್ಕೆ ಕೇಳಿದಾಗ ಅದನ್ನೇ ಗುಣಿಸಿ ಹೇಳುವುದು ಸಹಜ. ಗಣತಿದಾರನೂ ಎರಡು ಕಾಲಂ ತಾಳೆಯಾಗುವಂತೆ ನೋಡಿಕೊಳ್ಳುವುದು ಅಷ್ಟೇ ಸಹಜ. ಹೀಗೆ ತಿಂಗಳ ಉತ್ತರ ವಾರದ ಉತ್ತರದತ್ತ ಜಗ್ಗಿಕೊಂಡು ಹೋಯಿತು. 1993-94ರಲ್ಲಿ ಶೇ 36 ಇದ್ದ ಬಡತನ ಶೇ 26.1ಕ್ಕೆ ಇಳಿದಿದೆ ಎಂದು ಸರ್ಕಾರ ಪ್ರಕಟಿಸಿತು. ಹೀಗೆ ಬಂದ ಅಂಕಿಯನ್ನು ಹಿಂದಿನ ಯಾವ ವರ್ಷದ ಅಂಕಿಯೊಂದಿಗೂ ನೇರವಾಗಿ ಹೋಲಿಸುವಂತಿರಲಿಲ್ಲ.

ಅದನ್ನು ಸರಿಪಡಿಸಿದ ಬಗೆ ಈ ಕ್ಷೇತ್ರದ ಅತ್ಯುತ್ತಮ ಅಧ್ಯಾಯ. ಪ್ರಿನ್ಸ್‌ಟನ್ನಿನ ಆಂಗಸ್ ಡೀಟನ್ ಪ್ರಶ್ನಾವಳಿಯಲ್ಲಿ ಕೆಡದೆ ಉಳಿದ ಮೂಲೆಯೊಂದನ್ನು ಗುರುತಿಸಿದರು. ಉರುವಲು, ದೀಪದ ಖರ್ಚಿನಂಥ ಕೆಲವನ್ನು ಎಲ್ಲ ಸುತ್ತುಗಳಲ್ಲೂ ಮೂವತ್ತು ದಿನಕ್ಕೆ ಮಾತ್ರ ಕೇಳಲಾಗಿತ್ತು. ಈ ಖರ್ಚಿಗೂ ಮನೆಯ ಒಟ್ಟು ಖರ್ಚಿಗೂ ಇರುವ ನಂಟನ್ನು ಹಿಂದಿನ ಸಮೀಕ್ಷೆಯಿಂದ ತಿಳಿದು, ಕೆಟ್ಟ ಭಾಗವನ್ನು ಅದರ ನೆರವಿನಿಂದ ಮತ್ತೆ ಕಟ್ಟಿದರು. ಅಧಿಕೃತವಾಗಿ ಶೇ 27.1 ಎಂದಿದ್ದ ಹಳ್ಳಿಗಳ ಬಡತನ ಅವರ ಲೆಕ್ಕದಲ್ಲಿ ಶೇ 30.2 ಆಯಿತು. ಕೆ. ಸುಂದರಂ ಮತ್ತು ತೆಂಡೂಲ್ಕರ್ ಅದೇ ವರ್ಷದ ಉದ್ಯೋಗ ಸಮೀಕ್ಷೆಯ ಪ್ರಶ್ನಾವಳಿ ಹಿಡಿದು ಬೇರೆ ದಾರಿಯಿಂದ ಹೊರಟರು. ಇಳಿಕೆ ತೀರಾ ಅಲ್ಪ ಎಂದು ಅಭಿಜಿತ್ ಸೇನ್ ಪಟ್ಟು ಹಿಡಿದರು. ಒಮ್ಮತ ಪೂರ್ತಿ ಮೂಡಲಿಲ್ಲ, ಆದರೆ ಭಿನ್ನಮತದ ಅಗಲ ಎಷ್ಟು ಎಂಬುದು ಎಲ್ಲರಿಗೂ ಗೊತ್ತಾಯಿತು. ಮನೆಮನೆಯ ಮೂಲ ದತ್ತಾಂಶ ಸಂಶೋಧಕರ ಕೈಗೆ ಸಿಗದೇ ಇದ್ದಿದ್ದರೆ ಇದರಲ್ಲಿ ಒಂದೂ ಆಗುತ್ತಿರಲಿಲ್ಲ.

ಇಷ್ಟೆಲ್ಲ ಸೂಕ್ಷ್ಮ ಪಂಡಿತರಿಗೆ ಇರಲಿ, ಜನರ ಹೊಟ್ಟೆಗೆ ಸಂಬಂಧಿಸಿದ್ದು ಗೆರೆಯೇ ಎಂಬ ಆಕ್ಷೇಪ ಹಗುರವಾದುದಲ್ಲ. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ದಿನಕ್ಕೆ ಪಟ್ಟಣದಲ್ಲಿ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಎಂಬ ಲೆಕ್ಕ ಕಂಡಾಗ ದೇಶ ಸಿಡಿದೆದ್ದದ್ದು ಸುಮ್ಮನೆ ಅಲ್ಲ. ರೇಷನ್ ಯಾರಿಗೆ ಎಂಬುದು ಆ ಗೆರೆಗೆ ಕಟ್ಟಿಕೊಂಡಿತ್ತು. ಆದರೆ ಈ ಗಂಟನ್ನು ಬಿಚ್ಚಬಹುದಿತ್ತು, ಬಿಚ್ಚಿದ್ದೂ ಆಯಿತು. 2013ರ ಆಹಾರ ಭದ್ರತಾ ಕಾಯ್ದೆ ಬಡತನ ರೇಖೆಯನ್ನು ಬದಿಗಿಟ್ಟು ಹಳ್ಳಿಗಳ ಶೇ 75, ಪಟ್ಟಣಗಳ ಶೇ 50 ಮಂದಿಯವರೆಗೆ ಧಾನ್ಯದ ಹಕ್ಕು ಕೊಟ್ಟಿತು. ಕರ್ನಾಟಕದಲ್ಲಿ 2011-12ಕ್ಕೆ ತೆಂಡೂಲ್ಕರ್ ಲೆಕ್ಕದ ಬಡತನ ಶೇ 20.9, ಬಿಪಿಎಲ್ ಕಾರ್ಡು ಹಿಡಿದ ಕುಟುಂಬಗಳ ಪ್ರಮಾಣ ಅದಕ್ಕಿಂತ ಎಷ್ಟೋ ಪಟ್ಟು. ಇದನ್ನು ಬರೀ ಬೋಗಸ್ ಕಾರ್ಡಿನ ಹಗರಣ ಎಂದು ಓದುವವರು, ಸವಲತ್ತಿನ ಗೆರೆಯೂ ಅಳತೆಯ ಗೆರೆಯೂ ಒಂದೇ ಆಗಿರಬೇಕು ಎಂದುಕೊಂಡಿರುತ್ತಾರೆ. ಒಂದು ಯಾರಿಗೆ ಕೊಡಬೇಕು ಎಂಬ ರಾಜಕೀಯ ನಿರ್ಧಾರ, ಇನ್ನೊಂದು ಹತ್ತು ವರ್ಷದಲ್ಲಿ ಏನಾಯಿತು ಎಂದು ತಿಳಿಯುವ ಸಾಧನ. ಎರಡನೆಯದಕ್ಕೆ ಗೆರೆಯ ಎತ್ತರಕ್ಕಿಂತ ಅದು ವರ್ಷದಿಂದ ವರ್ಷಕ್ಕೆ ಅಲುಗದಿರುವುದು ಮುಖ್ಯ. ಇನ್ನು ಪ್ರಶ್ನೆಯ ತೂಕ ಎಷ್ಟು ಎಂಬುದಕ್ಕೆ 2011-12ರ ಸಮೀಕ್ಷೆಯೇ ಸಾಕ್ಷಿ. ಆಗ ಎರಡು ಬಗೆಯ ಪ್ರಶ್ನಾವಳಿ ಬೇರೆ ಬೇರೆ ಮನೆಗಳಿಗೆ ಹೋಗಿದ್ದವು. ವಿಶ್ವಬ್ಯಾಂಕ್ ಹಿಂದೆ ಬಳಸುತ್ತಿದ್ದ ದಿನಕ್ಕೆ 1.90 ಡಾಲರ್ ಗೆರೆಯಲ್ಲಿ ಹಳೆಯ ಪ್ರಶ್ನೆಗೆ ಬಂದ ಬಡತನ ಶೇ 21ರ ಆಸುಪಾಸು, ಹೊಸ ಪ್ರಶ್ನೆಗೆ ಶೇ 12ರ ಆಸುಪಾಸು. ದೇಶ ಅದೇ, ವರ್ಷ ಅದೇ, ಗೆರೆಯೂ ಅದೇ.

2017-18ರ ಸಮೀಕ್ಷೆಗೆ ಬೇರೆ ಗತಿ ಕಾದಿತ್ತು. ತಲಾ ನೈಜ ಬಳಕೆ 2011-12ಕ್ಕಿಂತ ಕುಸಿದಿದೆ ಎಂಬ ವರದಿ 2019ರ ನವೆಂಬರಿನಲ್ಲಿ ಪತ್ರಿಕೆಯೊಂದಕ್ಕೆ ಸೋರಿತು. ದತ್ತಾಂಶದ ಗುಣಮಟ್ಟ ಸರಿಯಿಲ್ಲ, ಬಿಡುಗಡೆ ಮಾಡುವುದಿಲ್ಲ ಎಂದು ಸರ್ಕಾರ ಘೋಷಿಸಿತು. ಗುಣಮಟ್ಟದ ಅನುಮಾನ ಪ್ರಾಮಾಣಿಕವೇ ಆಗಿತ್ತು ಎಂದು ಒಪ್ಪಿಕೊಳ್ಳೋಣ. ಆದರೂ ವಾದ ನಿಲ್ಲುವುದಿಲ್ಲ, ಏಕೆಂದರೆ 1999-2000ದ ಸಮೀಕ್ಷೆ ಕೆಟ್ಟಿತ್ತೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಅದು ಬಯಲಲ್ಲಿದ್ದುದರಿಂದಲೇ ಎಲ್ಲಿ ಕೆಟ್ಟಿದೆ, ಎಷ್ಟು ಕೆಟ್ಟಿದೆ ಎಂದು ತಿಳಿಯಿತು. ಬೀಗ ಹಾಕಿದ ಸಮೀಕ್ಷೆಯ ಜಾಗವನ್ನು ಊಹೆಗಳು ತುಂಬಿದವು. 2022ರಲ್ಲಿ ಸುರ್ಜಿತ್ ಭಲ್ಲಾ ಮತ್ತು ಸಂಗಡಿಗರು ರಾಷ್ಟ್ರೀಯ ಲೆಕ್ಕಪತ್ರದ ಬೆಳವಣಿಗೆಯನ್ನು ಹಳೆಯ ಸಮೀಕ್ಷೆಗೆ ಜೋಡಿಸಿ, ತೀವ್ರ ಬಡತನ 2019ರ ವೇಳೆಗೆ ಶೇ 0.8 ಎಂದರು. ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು ಖಾಸಗಿ ಸಂಸ್ಥೆಯೊಂದರ ಮನೆಸಮೀಕ್ಷೆಯನ್ನು ತಿದ್ದಿ ಬಳಸಿ, ಅದೇ ವರ್ಷಕ್ಕೆ ಶೇ 10.2 ಎಂದರು. ಆ ಸಮೀಕ್ಷೆಯಲ್ಲಿ ಕಡುಬಡವರು ಸಾಕಷ್ಟು ಸೇರಿಲ್ಲ ಎಂದು ಜ್ಯಾಂ ಡ್ರೇಜ್ ಮತ್ತು ಅನ್ಮೋಲ್ ಸೋಮಂಚಿ ಅದಾಗಲೇ ತೋರಿಸಿದ್ದರು. ರಾಷ್ಟ್ರೀಯ ಲೆಕ್ಕಪತ್ರವೇ ಹೆಚ್ಚು ನಂಬಲರ್ಹ ಎಂಬ ಭಲ್ಲಾ ಅವರ ಹಳೆಯ ನಿಲುವಿಗೂ ಒಂದು ತೊಡಕಿದೆ. ಅಲ್ಲಿನ ಬಳಕೆಯ ಬೆಳವಣಿಗೆಯಲ್ಲಿ ಶ್ರೀಮಂತರ ಪಾಲೆಷ್ಟು, ಬಡವರ ಪಾಲೆಷ್ಟು ಎಂದು ಆ ಲೆಕ್ಕ ಹೇಳುವುದೇ ಇಲ್ಲ. ಎಲ್ಲರಿಗೂ ಸಮವಾಗಿ ಹಂಚಿತು ಎಂದು ನಾವೇ ಊಹಿಸಿಕೊಳ್ಳಬೇಕು.

ಖರ್ಚಿನ ಅಳತೆಯನ್ನೇ ಬಿಟ್ಟು ಬಹು ಆಯಾಮದ ಸೂಚ್ಯಂಕಕ್ಕೆ ಹೋದರೆ ಈ ರಗಳೆ ಇರುವುದಿಲ್ಲ ಎನ್ನುವವರೂ ಇದ್ದಾರೆ. ನೀತಿ ಆಯೋಗದ ಸೂಚ್ಯಂಕ ಪೋಷಣೆ, ಶಾಲೆ, ಶೌಚಾಲಯ, ವಿದ್ಯುತ್ ಮುಂತಾದ 12 ಸೂಚಕಗಳನ್ನು ನೋಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಆಧಾರದಲ್ಲಿ 2015-16ರಿಂದ 2019-21ರ ನಡುವೆ ಬಡತನ ಶೇ 24.85ರಿಂದ ಶೇ 14.96ಕ್ಕೆ ಇಳಿಯಿತು ಎನ್ನುತ್ತದೆ. ಇದು ಉಪಯುಕ್ತ ಮಾಹಿತಿ. ಆದರೆ ಬ್ಯಾಂಕ್ ಖಾತೆ ತೆರೆದ ಮನೆ ಒಂದು ಸೂಚಕ ದಾಟುತ್ತದೆ, ಖಾತೆಯಲ್ಲಿ ದುಡ್ಡಿದೆಯೇ ಎಂದು ಯಾರೂ ಕೇಳುವುದಿಲ್ಲ. ಒಮ್ಮೆ ಬಂದ ವಿದ್ಯುತ್ ಸಂಪರ್ಕ ಬರಗಾಲದಲ್ಲಿ ಕಡಿದುಹೋಗುವುದಿಲ್ಲ, ಕೂಲಿ ಮಾತ್ರ ಕಡಿದುಹೋಗುತ್ತದೆ. ಹೀಗಾಗಿ ಈ ಸೂಚ್ಯಂಕ ಸಾಮಾನ್ಯವಾಗಿ ಇಳಿಯುತ್ತಲೇ ಇರುತ್ತದೆ, ಕೆಟ್ಟ ವರ್ಷವನ್ನು ತೋರಿಸಲು ಅದರಿಂದ ಆಗದು. 2024ರ ಆರಂಭದಲ್ಲಿ ಬಂದ, 2022-23ಕ್ಕೆ ಶೇ 11.28 ಎಂಬ ಅಂಕಿಯಂತೂ ಹೊಸ ಸಮೀಕ್ಷೆಯಿಂದ ಬಂದದ್ದಲ್ಲ, ಹಳೆಯ ಇಳಿಕೆಯ ವೇಗವನ್ನೇ ಮುಂದಕ್ಕೆ ಎಳೆದು ಪಡೆದದ್ದು.

2022-23ರ ಬಳಕೆ ಸಮೀಕ್ಷೆ ಪ್ರಕಟವಾದ ಮೇಲೆ ಬಾಗಿಲು ಮತ್ತೆ ತೆರೆದಿದೆ. ತಿಂಗಳ ತಲಾ ವೆಚ್ಚ ಹಳ್ಳಿಯಲ್ಲಿ 3,773 ರೂಪಾಯಿ, ಪಟ್ಟಣದಲ್ಲಿ 6,459 ರೂಪಾಯಿ. ಇದರ ಮೇಲೆ ವಿಶ್ವಬ್ಯಾಂಕ್ ಕಟ್ಟಿದ ಹೊಸ ಲೆಕ್ಕದಲ್ಲಿ, ದಿನಕ್ಕೆ 3 ಡಾಲರ್ ಗೆರೆಯಲ್ಲಿ, ತೀವ್ರ ಬಡತನ 2011-12ರ ಶೇ 27.1ರಿಂದ ಶೇ 5.3ಕ್ಕೆ ಇಳಿದಿದೆ. ಇಳಿಕೆ ದೊಡ್ಡದು ಎಂಬುದನ್ನು ಅಲ್ಲಗಳೆಯುವುದು ಕಷ್ಟ. ಎಷ್ಟು ದೊಡ್ಡದು ಎಂಬಲ್ಲಿ ಮಾತ್ರ ಹಳೆಯ ತಕರಾರು ಹೊಸ ರೂಪದಲ್ಲಿ ಎದ್ದು ನಿಂತಿದೆ: ಈ ಬಾರಿ ಒಂದೇ ಭೇಟಿಯ ಬದಲು ಮೂರು ಭೇಟಿ, ಆಹಾರಕ್ಕೆ, ದಿನಬಳಕೆಗೆ, ಬಾಳಿಕೆಯ ಸರಕಿಗೆ ಬೇರೆ ಬೇರೆ ಪ್ರಶ್ನಾವಳಿ. ಬೇಸರಗೊಳ್ಳದ ಗೃಹಿಣಿ ಹೆಚ್ಚು ನೆನಪಿಸಿಕೊಳ್ಳುತ್ತಾಳೆ, ಆದ್ದರಿಂದ ಹೊಸ ವಿಧಾನ ಹಳೆಯದಕ್ಕಿಂತ ಉತ್ತಮ. ಅದೇ ಕಾರಣಕ್ಕೆ 2011-12ರ ಪಕ್ಕದಲ್ಲಿಟ್ಟು ಹೋಲಿಸುವಾಗ ಏರಿಕೆಯಲ್ಲಿ ಎಷ್ಟು ಪಾಲು ಬದುಕಿನದು, ಎಷ್ಟು ಪಾಲು ಪ್ರಶ್ನೆಯದು ಎಂದು ಬಿಡಿಸಬೇಕಾಗುತ್ತದೆ. ಬಿಡಿಸುವ ಉಪಾಯವನ್ನು 1990ರ ದಶಕದ ಪ್ರಯೋಗವೇ ತೋರಿಸಿಕೊಟ್ಟಿದೆ. ಮುಂದಿನ ಸುತ್ತಿನಲ್ಲಿ ಕೆಲವು ಸಾವಿರ ಮನೆಗಳಿಗೆ 2011-12ರ ಪ್ರಶ್ನಾವಳಿಯನ್ನೇ, ಅದೇ ಒಂದು ಭೇಟಿಯಲ್ಲಿ, ಹೊಸದರ ಜೊತೆಜೊತೆಗೆ ಕೇಳಿಸಿ, ಎರಡರ ಮೂಲ ದತ್ತಾಂಶವನ್ನೂ ಒಂದೇ ದಿನ ಹೊರಗಿಟ್ಟರೆ ಹತ್ತು ವರ್ಷದ ಹೋಲಿಕೆಗೆ ಸೇತುವೆ ಸಿಗುತ್ತದೆ. ಇಡೀ ಸಮೀಕ್ಷೆಯ ವೆಚ್ಚದಲ್ಲಿ ಅದರದ್ದು ಸಣ್ಣ ಪಾಲು.