ಗೇಜ್, ಫಿನಿಯಸ್ (1823–1860)

ಮಿದುಳಿಗೆ ಬಿದ್ದ ಪೆಟ್ಟು ಮನುಷ್ಯನ ಸ್ವಭಾವವನ್ನೂ ಬದಲಿಸಬಲ್ಲದು ಎಂಬ ಮಾತು ಬಂದಾಗಲೆಲ್ಲ ವೈದ್ಯರು ನೆನೆಯುವ ಹೆಸರು. ಈತ ಅಮೆರಿಕದಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುವ ತಂಡವೊಂದರ ಮೇಸ್ತ್ರಿ. 1848ರ ಸೆಪ್ಟೆಂಬರ್ 13ರಂದು ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಬಳಿ ಬಂಡೆಯ ಕುಳಿಗೆ ತುಂಬಿದ್ದ ಮದ್ದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯಿತು. ಮದ್ದು ಜಡಿಯುವ ಕಬ್ಬಿಣದ ಸಲಾಕೆ, ಮೂರೂವರೆ ಅಡಿಗಿಂತಲೂ ಉದ್ದ, ಸುಮಾರು 6 ಕಿಲೋ ತೂಕದ್ದು, ಎಡಗೆನ್ನೆಯಲ್ಲಿ ಹೊಕ್ಕು ಕಣ್ಣಿನ ಹಿಂದಿನಿಂದ ಹಾಯ್ದು ನೆತ್ತಿ ಸೀಳಿ ಹೊರಬಿದ್ದಿತು. ಆದರೂ ಗೇಜ್ ಕೆಲವೇ ನಿಮಿಷಗಳಲ್ಲಿ ಮಾತನಾಡಿದ. ಎತ್ತಿನ ಗಾಡಿಯಲ್ಲಿ ಕುಳಿತೇ ಬಿಡಾರಕ್ಕೆ ಬಂದ.

ಡಾ. ಜಾನ್ ಹಾರ್ಲೋ ಚಿಕಿತ್ಸೆ ನೀಡಿದರು. ಗಾಯ ಕೀವುಗಟ್ಟಿ ಜೀವಕ್ಕೇ ಅಪಾಯವಾಗಿತ್ತು. ಎಡಗಣ್ಣು ಹೋಯಿತು, ಗೇಜ್ ಉಳಿದ. ನಡಿಗೆ, ಮಾತು ಮೊದಲಿನಂತೆಯೇ ಇದ್ದವು; ಕೆಟ್ಟದ್ದು ಬೇರೆಯೇ. ಹಾರ್ಲೋ 1868ರಲ್ಲಿ ಬರೆದ ಪ್ರಕಾರ, ಹಿಡಿದ ಕೆಲಸ ಮುಗಿಸುವ ಜಾಣ ಮೇಸ್ತ್ರಿಯಾಗಿದ್ದವನು ಹಟಮಾರಿಯೂ ಚಂಚಲನೂ ಆದ. ಹೊಲಸು ಬೈಗುಳ ಆಡುವವನಾದ. ಒಂದು ಯೋಜನೆ ಹೂಡಿ, ಅದು ರೂಪ ತಳೆಯುವ ಮುಂಚೆಯೇ ಕೈಬಿಡುತ್ತಿದ್ದ. ಕೆಲಸ ಕೊಟ್ಟಿದ್ದವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಗೆಳೆಯರಿಗೆ ಆತ ಹಳೆಯ ಗೇಜ್ ಆಗಿ ಕಾಣಲಿಲ್ಲ. ಪೆಟ್ಟು ಬಿದ್ದದ್ದು ಮಿದುಳಿನ ಎಡ ಮುಂಭಾಗದ ಹಾಲೆಗೆ. ಮುಂದಾಲೋಚನೆ, ಆವೇಗದ ಹತೋಟಿ, ಎದುರಿನವರ ಮನಸ್ಸು ಅರಿತು ನಡೆಯುವುದು ಬಹುಮಟ್ಟಿಗೆ ಈ ಭಾಗದ ಕೆಲಸ. ಈ ಭಾಗಕ್ಕಾದ ಗಾಯ ಹಲವೊಮ್ಮೆ ಹೊರಗೆ ಕಾಣದಿರುವುದರಿಂದ ಮನೆಯವರೂ ಅದನ್ನು ಸೊಕ್ಕೆಂದೋ ಸೋಮಾರಿತನವೆಂದೋ ತಿಳಿಯುವುದುಂಟು. ಗಾಯಕ್ಕಿಂತ ಈ ತಪ್ಪು ತಿಳಿವಳಿಕೆಯೇ ಎಷ್ಟೋ ಸಲ ಹೆಚ್ಚು ನೋಯಿಸುತ್ತದೆ.

ಮುಂದಿನ ಕಥೆಯನ್ನು ಅನೇಕ ಪಠ್ಯಪುಸ್ತಕಗಳು ಹೇಳದೆ ಬಿಟ್ಟಿವೆ. ಆತ ಶಾಶ್ವತವಾಗಿ ಕೆಟ್ಟುಹೋದನೆಂದು ಬರೆದವೂ ಇವೆ. ಅದು ನ್ಯಾಯವಲ್ಲ. ಗೇಜ್ ಕುದುರೆ ಲಾಯದಲ್ಲಿ ದುಡಿದ. 1852ರಲ್ಲಿ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ವಾಲ್ಪರೈಸೊ–ಸ್ಯಾಂಟಿಯಾಗೊ ದಾರಿಯಲ್ಲಿ ಕುದುರೆ ಸಾರೋಟು ಓಡಿಸಿದ. ಹಲವು ಕುದುರೆಗಳ ಲಗಾಮು ಹಿಡಿದು, ಪ್ರಯಾಣಿಕರೊಡನೆ ಹೊಂದಿಕೊಂಡು, ಹೊತ್ತಿಗೆ ಸರಿಯಾಗಿ ನಡೆಸಬೇಕಾದ ಕೆಲಸವದು. ದಿನವೂ ಒಂದೇ ಕ್ರಮದಲ್ಲಿ ಸಾಗುವ ಈ ದುಡಿಮೆಯೇ ಆತನ ನಡವಳಿಕೆಯನ್ನು ಮತ್ತೆ ಹದಕ್ಕೆ ತಂದಿರಬೇಕೆಂದು ಮನೋವಿಜ್ಞಾನದ ಇತಿಹಾಸಕಾರ ಮಾಲ್ಕಂ ಮ್ಯಾಕ್‌ಮಿಲನ್ ವಾದಿಸಿದ್ದಾರೆ. ಇಂದಿನ ಪುನಶ್ಚೇತನ ಚಿಕಿತ್ಸೆಯಲ್ಲಿಯೂ ನಿಗದಿತ ದಿನಚರಿಗೆ ದೊಡ್ಡ ಸ್ಥಾನವಿದೆ.

ತಲೆಗೆ ಬಿದ್ದ ಪೆಟ್ಟು ವರ್ಷಗಳ ಮೇಲೆ ಅಪಸ್ಮಾರವಾಗಿ ಮರಳುವುದುಂಟು. 1859ರಲ್ಲಿ ಆರೋಗ್ಯ ಕೆಟ್ಟು ಕ್ಯಾಲಿಫೋರ್ನಿಯದಲ್ಲಿದ್ದ ತಾಯಿಯ ಬಳಿ ಬಂದ ಗೇಜ್, ಮೇಲಿಂದ ಮೇಲೆ ಬಂದ ಸೆಳವಿನಿಂದ 1860ರ ಮೇ 21ರಂದು ತೀರಿಕೊಂಡ. ಆಗ ವಯಸ್ಸು 36. ಆತನ ತಲೆಬುರುಡೆಯೂ ಆ ಸಲಾಕೆಯೂ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಾರನ್ ಸಂಗ್ರಹಾಲಯದಲ್ಲಿವೆ.