ಒಂದು ಬೆಳಗಿನ ಸೀಸನ್

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೀಸನ್ ಎಂದರೆ ನವೆಂಬರಿನಿಂದ ಮಾರ್ಚ್‌ವರೆಗೆ ಸುಮಾರು 30 ಪಂದ್ಯ. ಚೆನ್ನಾಗಿ ಆಡಿದವರಿಗೆ ಆಮೇಲೆ 1939ರಲ್ಲಿ ಶುರುವಾದ ರಾಷ್ಟ್ರೀಯ ಟೂರ್ನಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಡಿಗ್ರಿ ಹುಡುಗರ ಸೀಸನ್ ಎಷ್ಟೋ ಸಲ ಒಂದೇ ಬೆಳಗಿನಲ್ಲಿ ಮುಗಿದುಹೋಗುತ್ತದೆ. ಅಂತರ ಕಾಲೇಜು ಪಂದ್ಯಗಳನ್ನು ಹೆಚ್ಚಾಗಿ ನಾಕೌಟ್ ಆಡಿಸುತ್ತಾರೆ. ಸೋತರೆ 40 ನಿಮಿಷಕ್ಕೆ ವರ್ಷ ಮುಗಿಯಿತು. ಇದಕ್ಕೂ ಒಂದು ಚರಿತ್ರೆಯೇ ಎಂದು ನಗುವವರಿದ್ದಾರೆ. ಇದೆ ಎಂದೇ ನನ್ನ ವಾದ.

ಆಟ ಹುಟ್ಟಿದ್ದು ಒಬ್ಬ ವ್ಯಾಯಾಮ ಮೇಷ್ಟರ ಪೇಚಾಟದಿಂದ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯ ಜೇಮ್ಸ್ ನೈಸ್ಮಿತ್, ಚಳಿಗೆ ಒಳಗೇ ಕೂತು ಬೇಸತ್ತ ವಿದ್ಯಾರ್ಥಿಗಳಿಗಾಗಿ ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಬುಟ್ಟಿ ಹೊಡೆಸಿ 13 ನಿಯಮ ಬರೆದ. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ಶಾಲೆ ತೆರೆದರು. ಅಲ್ಲಿ ತಯಾರಾದವರು ದಕ್ಷಿಣದ ಶಾಲೆ ಕಾಲೇಜುಗಳಿಗೆ ಮೇಷ್ಟರಾಗಿ ಹೋದರು. ನಾವು ‘ಪಿ.ಡಿ. ಸಾರ್’ ಎನ್ನುವ ಫಿಜಿಕಲ್ ಡೈರೆಕ್ಟರ್ ಹುದ್ದೆಗೆ ಇಂಥದೊಂದು ವಂಶಾವಳಿ ಉಂಟು.

ಬುಟ್ಟಿ ಬಂತು, ಸಿಮೆಂಟಿನ ಅಂಕಣ ಬರಲಿಲ್ಲ. ನಾನು ಹೊಳಲ್ಕೆರೆ ಕಡೆಯವನು. ನಮ್ಮ ಕಾಲೇಜು ತಂಡದ 12 ಜನರಲ್ಲಿ ಏಳು ಮಂದಿ ವಾಲಿಬಾಲಿನಿಂದ ಎರವಲು ಬಂದವರು. ಕಬಡ್ಡಿಗೆ ಗೆರೆ ಎಳೆದರೆ ಸಾಕು, ವಾಲಿಬಾಲಿಗೆ ಎರಡು ಕಂಬ, ಒಂದು ನೆಟ್. ಬ್ಯಾಸ್ಕೆಟ್‌ಬಾಲಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಸಮನಾದ ನೆಲ ಬೇಕು. ನಮ್ಮ ಗರಸು ಮಣ್ಣಿನಲ್ಲಿ ಪುಟಿಸಿದ ಚೆಂಡು ಒಂದು ಹರಳಿಗೆ ತಾಗಿ ಎತ್ತಲೋ ಹಾರುತ್ತಿತ್ತು. ಹಾಗಾಗಿ ನಾವು ಪುಟಿಸುವ ಗೋಜಿಗೇ ಹೋಗದೆ ಹಿಡಿದು ಎಸೆಯುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ನೈಸ್ಮಿತ್‌ನ ನಿಯಮ ಓದಿದೆ. ಅದರಲ್ಲಿ ಡ್ರಿಬಲ್ ಇಲ್ಲವೇ ಇಲ್ಲ! ಚೆಂಡು ಹಿಡಿದವನು ನಿಂತ ಜಾಗದಿಂದಲೇ ಎಸೆಯಬೇಕಿತ್ತು. 1936ರ ಬರ್ಲಿನ್ ಒಲಿಂಪಿಕ್ಸಿನ ಮೊದಲ ಫೈನಲ್ ನಡೆದದ್ದೂ ಮಣ್ಣಿನ ಟೆನಿಸ್ ಅಂಕಣದಲ್ಲಿ, ಸುರಿಯುವ ಮಳೆಯಲ್ಲಿ. ಕೆಸರಿನಲ್ಲಿ ಚೆಂಡು ಪುಟಿಯದೆ ಅಮೆರಿಕ ಕೆನಡಾವನ್ನು ಗೆದ್ದದ್ದು ಬರೀ 19–8ರಿಂದ. (ಹಿರಿಯೂರಿನಲ್ಲಿ ಮಳೆಗೆ ಪಂದ್ಯ ಕೆಡುವ ಭಯ ಕಡಿಮೆ. ಅಲ್ಲಿಯ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ತುಂಬಿದ್ದು 2022ರಲ್ಲಿ.)

ಯಾರೆದುರು ಆಡಬೇಕು ಎನ್ನುವುದು ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದರ ಮೇಲೆ ನಿಂತಿದೆ. ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದವು. ಆಗ ವಿಶ್ವವಿದ್ಯಾಲಯದ ತಂಡ ಸೇರಬೇಕಾದರೆ ಮೈಸೂರು, ಮಂಡ್ಯ, ಹಾಸನದ ಹುಡುಗರೊಡನೆ ಪೈಪೋಟಿ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. ಎದುರಾಳಿಗಳು ಶಿವಮೊಗ್ಗ, ಚಿಕ್ಕಮಗಳೂರಿನವರಾದರು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಗಿ ಎರಡೇ ಜಿಲ್ಲೆ ಉಳಿದವು. ದಾವಣಗೆರೆಯಾದರೂ 1997ರವರೆಗೆ ಚಿತ್ರದುರ್ಗ ಜಿಲ್ಲೆಯದೇ ತಾಲ್ಲೂಕು, ಅಂದರೆ ಮನೆಯವರ ನಡುವಿನ ಪಂದ್ಯ! ನಮ್ಮ ಕಡೆಯ ಬ್ಯಾಸ್ಕೆಟ್‌ಬಾಲಿನಲ್ಲಿ ಯಾವ ಗೆಲುವಿಗಿಂತಲೂ ದೊಡ್ಡ ಘಟನೆ ಈ ವಿಂಗಡಣೆ ಎಂದು ನನಗನ್ನಿಸುತ್ತದೆ. ವಿಶ್ವವಿದ್ಯಾಲಯ ಚಿಕ್ಕದಾದಷ್ಟೂ ಹೊಸದುರ್ಗದ ಹುಡುಗನಿಗೆ ಅದರ ತಂಡದ ಬಾಗಿಲು ಹತ್ತಿರವಾಯಿತು. ಬಾಗಿಲು ದಾಟಿದ ಮೇಲಿನ ಆಟ ಮಾತ್ರ ಸುಲಭವಾಗಲಿಲ್ಲ. ದಕ್ಷಿಣ ವಲಯದಲ್ಲಿ ತಮಿಳುನಾಡು, ಕೇರಳದ ವಿಶ್ವವಿದ್ಯಾಲಯಗಳು ಕಾದಿರುತ್ತವೆ.

ದಾರಿಯೂ ಒಂದು ಎದುರಾಳಿಯೇ. ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಒಂದೇ ಹೆದ್ದಾರಿಯ ಮೇಲಿವೆ. ಹೊಸದುರ್ಗ, ಹೊಳಲ್ಕೆರೆಯವರಿಗೆ ಚಿಕ್ಕಜಾಜೂರಿನ ಮೇಲೆ ಹೋಗುವ ರೈಲು, ಇಲ್ಲವೇ ಊರೂರಿಗೂ ನಿಲ್ಲುವ ಬಸ್ಸು. ನಸುಕಿನ ನಾಲ್ಕಕ್ಕೆ ಎದ್ದು ಬಂದ ಹುಡುಗನೂ ಹಾಸ್ಟೆಲಿನಿಂದ ನಡೆದು ಬಂದ ಹುಡುಗನೂ ಅಂಕಣದಲ್ಲಿ ಸಮಾನರು ಎಂದು ರೆಫ್ರಿ ಸೀಟಿ ಊದುತ್ತಾರೆ. ಅಲ್ಲಿ ಚೆನ್ನಾಗಿ ಆಡಿದ ಒಬ್ಬಿಬ್ಬರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುತ್ತಾರೆ. ಉಳಿದವರ ತಂಡ ಅಲ್ಲಿಗೆ ಕರಗುತ್ತದೆ, ಮುಂದಿನ ವಾರ ಸೆಮಿಸ್ಟರ್ ಪರೀಕ್ಷೆಯ ಚಿಂತೆ.

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆ ವರ್ಷದ ತಂಡದ ಫೋಟೋ ಇದೆ. ಮುಂದಿನ ಸಾಲಿನಲ್ಲಿ ಕೂತವನ ಕೈಯಲ್ಲಿ ಚೆಂಡು, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಸವಿ. ಕೆಳಗೆ ಎಲ್ಲರ ಹೆಸರೂ ಅಚ್ಚಾಗಿದೆ, ಎಷ್ಟು ಪಂದ್ಯ ಆಡಿದೆವೆಂದು ಬರೆದಿಲ್ಲ. ಆಡಿದ್ದು ಎರಡು.