ಒಳಸಂಚಿನ ಕೊಂಡಿ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಗಾಂಜಾ ಶಿಕ್ಷೆ ಮತ್ತು ಮೇಲ್ಮನವಿ

ರಾಯಚೂರು ಜಿಲ್ಲೆಯ ಈ ಮೂರು ತಾಲೂಕುಗಳ ಗಾಂಜಾ ಪ್ರಕರಣಗಳಲ್ಲಿ ಶಿಕ್ಷೆಯಾದವರ ಮೇಲ್ಮನವಿ ಹೋಗುವುದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಈ ಪೀಠ ಬರುವ ಮೊದಲು ಬೆಂಗಳೂರೇ ಗತಿ. ಮೊದಲ ತಪ್ಪು, ಬಡತನ, ಹೆಂಡತಿ ಮಕ್ಕಳು ಎಂದು ಶಿಕ್ಷೆ ಇಳಿಸಲು ಕೋರುವುದು ವಾಡಿಕೆ. ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ ಈ ಮಾತು ಹೆಚ್ಚು ದೂರ ಸಾಗದು.

ಕಾರಣ 1985ರ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ. ಗಾಂಜಾ 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ; ಆಗ ಕನಿಷ್ಠ 10 ವರ್ಷ ಕಠಿಣ ಸಜೆ, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಕಲಂ 29ರ ಪ್ರಕಾರ ಒಳಸಂಚುಗಾರನಿಗೂ ಮೂಲ ಅಪರಾಧದ ಶಿಕ್ಷೆಯೇ. ಕನಿಷ್ಠಕ್ಕಿಂತ ಕೆಳಗಿಳಿಸಲು ನ್ಯಾಯಾಧೀಶರ ಕೈ ಕಟ್ಟಿದೆ. ಹಾಗಾಗಿ ತೂಕ ಸಡಿಲಬೇಕು, ಇಲ್ಲವೇ ಆರೋಪಿಯನ್ನು ಮಾಲಿಗೆ ಬಿಗಿದ ಕೊಂಡಿ ಸಡಿಲಬೇಕು.

ತೂಕದ ವಾದ ಮಹಜರಿನಲ್ಲಿದೆ. ಕಾಯ್ದೆಯ ಪ್ರಕಾರ ಹೂವು ಅಥವಾ ಕಾಯಿ ಬಿಟ್ಟ ತುದಿಯೇ ಗಾಂಜಾ. ತುದಿಯಿಲ್ಲದೆ ಬರೀ ಎಲೆ, ಬೀಜ ಸೇರದು. ಬೇರು, ಕಾಂಡ ಸಮೇತ ಕಿತ್ತ ಗಿಡವನ್ನು ಇಡಿಯಾಗಿ ತೂಗಿದ್ದರೆ ಪ್ರಶ್ನಿಸಲು ಅಲ್ಲೇ ಜಾಗವಿದೆ.

ಕೊಂಡಿಯ ವಾದ ಇನ್ನೂ ಸೂಕ್ಷ್ಮ. ಕಾಲುವೆ ನೀರಿನ ಸಿಂಧನೂರು ಕಡೆ ಹೊಲವನ್ನು ಲೀಜಿಗೆ ಕೊಡುವುದು ಹೊಸದಲ್ಲ. ಹತ್ತಿಯ ನಡುವೆ ಗಾಂಜಾ ಗಿಡ ಸಿಕ್ಕರೆ ಪಹಣಿಯಲ್ಲಿ ಹೆಸರಿದ್ದವನೂ ಆರೋಪಿಯಾಗಬಹುದು. ಪಹಣಿ ಒಡೆತನ ಹೇಳೀತು, ಅರಿವನ್ನು ಹೇಳದು. ಕಲಂ 35 ಅರಿವನ್ನು ಊಹಿಸುತ್ತದೆ, ನಿಜ; ಆದರೆ ಮೂಲ ಸಂಗತಿಗಳನ್ನು ಅಭಿಯೋಜನೆ ಮೊದಲು ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2008ರ ನೂರ್ ಆಗಾ ತೀರ್ಪಿನಲ್ಲಿ ಹೇಳಿದೆ. ಬೆಳೆದದ್ದಷ್ಟೇ ಅಪರಾಧವಾದರೆ ಶಿಕ್ಷೆಗೆ 10 ವರ್ಷದ ಮೇಲ್ಮಿತಿ ಇದೆ, ಕನಿಷ್ಠ ಮಿತಿಯಿಲ್ಲ. ಅಲ್ಲಿ ಕರುಣೆಯ ವಾದಕ್ಕೆ ಬೆಲೆಯುಂಟು.

ಇನ್ನು ಸಹ ಆರೋಪಿಯ ಹೇಳಿಕೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಮೊದಲಿಂದಲೂ ಸಾಕ್ಷ್ಯವಲ್ಲ. ಈ ಕಾಯ್ದೆಯಡಿ ತನಿಖಾಧಿಕಾರ ಪಡೆದ ಇತರ ಇಲಾಖೆಗಳ ಅಧಿಕಾರಿಗಳು ಕಲಂ 67ರಡಿ ಬರೆದುಕೊಂಡದ್ದಕ್ಕೂ 2020ರ ತೂಫಾನ್ ಸಿಂಗ್ ತೀರ್ಪು ಅದೇ ನಿಯಮ ಅನ್ವಯಿಸಿತು. ಹೇಳಿಕೆ ಕಳಚಿದ ಮೇಲೆ ಫೋನ್ ಕರೆಗಳ ಪಟ್ಟಿಯಷ್ಟೇ ಉಳಿದರೆ, ಇಬ್ಬರು ಮಾತಾಡಿದ್ದು ಗೊತ್ತಾಗುತ್ತದೆ, ಏನು ಮಾತಾಡಿದರೆಂಬುದಲ್ಲ.

ಮನವಿ ಬಾಕಿಯಿರುವಾಗ ಬಿಡುಗಡೆ ಕಷ್ಟವೇ. ಕಲಂ 32ಎ ಶಿಕ್ಷೆಯ ಅಮಾನತನ್ನು ಪೂರ್ತಿ ತಡೆದಿತ್ತು. ದಾದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಅಷ್ಟು ಭಾಗವನ್ನು ಅಸಿಂಧುವೆಂದಿತು, ಆದರೆ ಜಾಮೀನಿಗೆ ಕಲಂ 37 ಹಾಕಿದ ಬಿಗಿ ಷರತ್ತುಗಳನ್ನು ಉಳಿಸಿತು.

ಹೈಕೋರ್ಟಿಗೆ ಮನವಿ ಸಲ್ಲಿಸಲು 60 ದಿನ ಕಾಲಾವಕಾಶ. ತೀರ್ಪಿನ ನಕಲು ಪಡೆಯಲು ಹಿಡಿದ ಸಮಯ ಇದರಲ್ಲಿ ಎಣಿಕೆಯಾಗದು. ಸೆರೆಯಲ್ಲಿರುವವರು ಜೈಲಿನ ಅಧಿಕಾರಿಯ ಮೂಲಕವೇ ಮನವಿ ಕಳಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅವರಿಗೆ ವಕೀಲರ ನೆರವು ಉಚಿತ.